ಟೇಲರ್ ಸಾಹೇಬನ ಪ್ರೀತಿ ಮತ್ತು ಲೆಕ್ಕದ ವಹಿ

ಸುರಪುರದ ಬಗ್ಗೆ ಹೊರಗಿನ ಲೋಕ ಇಂಗ್ಲಿಷಿನಲ್ಲಿ ಓದಿ ತಿಳಿದಿರುವುದರಲ್ಲಿ ದೊಡ್ಡ ಪಾಲು ಒಬ್ಬ ಪರದೇಶಿಯ ಬರಹದಿಂದ ಬಂದದ್ದು. ಆತ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಅವನ ಆತ್ಮಕತೆ 'ದಿ ಸ್ಟೋರಿ ಆಫ್ ಮೈ ಲೈಫ್' 1877ರಲ್ಲಿ, ಅವನು ತೀರಿಕೊಂಡ ಮರುವರ್ಷ ಪ್ರಕಟವಾಯಿತು. ಮಗಳು ಆಲಿಸ್ ಅದನ್ನು ಸಂಪಾದಿಸಿದಳು. ಎಡಿನ್‌ಬರೋ ರಿವ್ಯೂ ಪತ್ರಿಕೆಯ ಸಂಪಾದಕನೂ ಟೇಲರನ ಬಂಧುವೂ ಆಗಿದ್ದ ಹೆನ್ರಿ ರೀವ್ ಮುನ್ನುಡಿ ಬರೆದ. ಈ ಪುಸ್ತಕದ ನಡುಭಾಗವೆಲ್ಲ ನಮ್ಮ ಸೀಮೆಯದು. ಸುರಪುರದ ಗುಡ್ಡಗಳು, ಬೋನಾಳದ ಕೆರೆ, ರಾಜನಕೋಳೂರಿನ ಕಲ್ಲುಗೋರಿಗಳು, ಶಹಾಪುರದ ಬಯಲು ಎಲ್ಲವೂ ಅದರಲ್ಲಿವೆ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಯನ್ನು ಜನ ಇವತ್ತಿಗೂ 'ಟೇಲರ್ ಮಂಜಿಲ್' ಎಂದೇ ಕರೆಯುತ್ತಾರೆ.

ನಮ್ಮಲ್ಲಿ ಈ ಪುಸ್ತಕದ ಬಗ್ಗೆ ಎರಡು ಬಗೆಯ ಮಾತುಗಳಿವೆ. ಒಂದು, ಟೇಲರ್ ದೇವರಂಥ ಮನುಷ್ಯ, ಕೆರೆ ಕಟ್ಟಿಸಿದ, ರಸ್ತೆ ಮಾಡಿಸಿದ, ಅನಾಥ ರಾಜಕುಮಾರನನ್ನು ಮಗನಂತೆ ಸಾಕಿದ ಎಂಬುದು. ಇನ್ನೊಂದು, ಅವನು ಬ್ರಿಟಿಷರ ಏಜೆಂಟ್, ಸಂಸ್ಥಾನವನ್ನು ಮುಗಿಸಲು ಬಂದವನು ಎಂಬುದು. ಎರಡೂ ಸುಳ್ಳಲ್ಲ, ಆದರೆ ಎರಡೂ ಸುಲಭದ ಓದುಗಳು. ಮೊದಲನೆಯದು ಅವನ ಪ್ರೀತಿಯನ್ನು ನೋಡಿ ಅವನ ಹುದ್ದೆಯನ್ನು ಮರೆಯುತ್ತದೆ. ಎರಡನೆಯದು ಹುದ್ದೆಯನ್ನು ನೋಡಿ ಪ್ರೀತಿಯನ್ನು ನಾಟಕವೆನ್ನುತ್ತದೆ. ನನಗೆ ಈ ಪುಸ್ತಕ ಮುಖ್ಯವೆನಿಸುವುದು ಬೇರೆ ಕಾರಣಕ್ಕೆ. ಒಂದು ನಾಡನ್ನು ನಿಜವಾಗಿ ಪ್ರೀತಿಸಿದ ವಲಸೆಗಾರನೊಬ್ಬ, ಆ ನಾಡಿನ ಮೇಲೆ ನಡೆದ ಹೊರಗಿನ ಹಸ್ತಕ್ಷೇಪಕ್ಕೆ ಕೈಯಾಗಿಯೂ ಇದ್ದ. ಅವನ ಕಣ್ಣಿಗೆ ಏನೆಲ್ಲ ಕಂಡಿತು, ಏನು ಕಾಣಲಿಲ್ಲ ಎಂಬುದನ್ನು ಈ ಪುಸ್ತಕ ತನಗೆ ಗೊತ್ತಿಲ್ಲದೆಯೇ ಹೇಳುತ್ತದೆ.

ಇದನ್ನು ಈಗ ಓದಬೇಕಾದ ತುರ್ತೂ ಇದೆ. 'ಹೊರಗಿನವರು ಯಾರು' ಎಂಬ ಪ್ರಶ್ನೆ ನಮ್ಮ ಕಾಲದಲ್ಲಿ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. 2019ರಲ್ಲಿ ಪೌರತ್ವ ತಿದ್ದುಪಡಿ ಕಾಯಿದೆ ಬಂದಾಗ, ಎಷ್ಟೋ ತಲೆಮಾರುಗಳಿಂದ ಒಂದೇ ಊರಲ್ಲಿ ಉತ್ತು ಬಿತ್ತಿದ, ನೇಯ್ದ, ಗಾಡಿ ಹೊಡೆದ ಮನೆಗಳಲ್ಲಿ ಅಜ್ಜನ ಹೆಸರಿನ ಕಾಗದಕ್ಕಾಗಿ ಟ್ರಂಕುಗಳನ್ನು ಜಾಲಾಡಿದ್ದನ್ನು ಕಂಡಿದ್ದೇವೆ. ಹೊರಗಿನವರನ್ನು ಗುರುತಿಸುವ ಅಳತೆಗೋಲು ಯಾವುದು? ಹುಟ್ಟೇ, ಧರ್ಮವೇ, ಭಾಷೆಯೇ? ಅಥವಾ ಬೇರೇನಾದರೂ ಇದೆಯೇ? ಟೇಲರನ ಬದುಕು ಈ ಪ್ರಶ್ನೆಗೆ ಒಳ್ಳೆಯ ಪರೀಕ್ಷೆ.

'ಪರದೇಸಿ' ಎಂಬ ಶಬ್ದ ನಮ್ಮ ಎರಡು ನುಡಿಗಳಲ್ಲಿ ಎರಡು ದಾರಿ ಹಿಡಿದಿದೆ. ಉರ್ದುವಿನಲ್ಲಿ ಪರದೇಸಿ ಎಂದರೆ ದೂರ ಹೋದವನು, ಯಾರೋ ಅವನಿಗಾಗಿ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ನಮ್ಮ ಕಡೆಯ ಕನ್ನಡದಲ್ಲಿ ಪರದೇಸಿ ಎಂದರೆ ಹಿಂದೆ ಮುಂದೆ ಯಾರೂ ಇಲ್ಲದವನು, ಗತಿಗೆಟ್ಟವನು. ಹದಿನೈದರ ಟೇಲರ್ ಈ ಎರಡೂ ಅರ್ಥದಲ್ಲಿ ಪರದೇಸಿಯೇ ಆಗಿದ್ದ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ. ಅಪ್ಪನ ವ್ಯಾಪಾರ ಕುಸಿದಿತ್ತು. ಹುಡುಗ ಶಾಲೆ ಬಿಟ್ಟು, ವೆಸ್ಟ್ ಇಂಡೀಸ್ ಜತೆ ವ್ಯಾಪಾರವಿದ್ದ ಅದೇ ಊರಿನ ಕಚೇರಿಯೊಂದರಲ್ಲಿ ಗುಮಾಸ್ತನಾದ. ಆಮೇಲೆ ಬೊಂಬಾಯಿಯ ವ್ಯಾಪಾರಿಯೊಬ್ಬನ ಹತ್ತಿರ ಕೆಲಸವಿದೆ, ಮುಂದೆ ಪಾಲುದಾರನೂ ಆಗಬಹುದು ಎಂಬ ಭರವಸೆಯ ಮೇಲೆ ಅವನನ್ನು ಹಡಗು ಹತ್ತಿಸಿದರು. 1824ರಲ್ಲಿ ಬಂದಿಳಿದಾಗ ಆ ವ್ಯಾಪಾರಿಯೇ ದಿವಾಳಿಯ ಅಂಚಿನಲ್ಲಿದ್ದ!

ಏಜೆಂಟನ ಮಾತು ನಂಬಿ ಸೌದಿಗೋ ದುಬೈಗೋ ಹೋಗಿ, ಅಲ್ಲಿ ಹೇಳಿದ ಕಂಪನಿಯೂ ಇಲ್ಲ, ಹೇಳಿದ ಪಗಾರವೂ ಇಲ್ಲ ಎಂದು ಕಂಗಾಲಾಗುವ ಹುಡುಗರು ನಮಗೆ ಹೊಸಬರಲ್ಲ. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಹುಡುಗನ ಪಾಸ್‌ಪೋರ್ಟನ್ನು ಮಾಲೀಕ ಎತ್ತಿಟ್ಟುಕೊಳ್ಳುತ್ತಾನೆ. ಟೇಲರನಿಗಾದರೋ ಬೊಂಬಾಯಿಯ ಅಧಿಕಾರಿಗಳ ವಲಯದಲ್ಲಿ ಬಂಧುವೊಬ್ಬನಿದ್ದ. ಅದೇ ವರ್ಷ ಅವನ ಮೂಲಕ ನಿಜಾಮನ ಸೈನ್ಯದಲ್ಲಿ ಅಧಿಕಾರಿಯ ಕೆಲಸ ಸಿಕ್ಕಿತು. ಕೆಲಸವಿಲ್ಲದ ಬಡ ಹುಡುಗನೊಬ್ಬ ಕೆಲವು ತಿಂಗಳಲ್ಲಿ ಖಡ್ಗ ಕಟ್ಟಿಕೊಂಡ ಸಾಹೇಬನಾದ. ಹೀಗೆ ಆಗುವುದಕ್ಕೆ ಅವನ ಪ್ರತಿಭೆಗಿಂತ ಮೊದಲು ಒಂದು ವ್ಯವಸ್ಥೆ ಬೇಕಿತ್ತು. ಆ ವ್ಯವಸ್ಥೆ ಎಂಥದು ಎಂಬುದನ್ನು ಆತ್ಮಕತೆ ವಿವರಿಸುವುದಿಲ್ಲ. ಅದು ಅವನಿಗೆ ಗಾಳಿಯಷ್ಟು ಸಹಜವಾಗಿತ್ತು.

'ನಿಜಾಮನ ಸೈನ್ಯ' ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮುಂದೆ ಹೈದರಾಬಾದ್ ಕಂಟಿಂಜೆಂಟ್ ಎಂದು ಹೆಸರಾದ ಈ ಪಡೆಗೆ ಸಂಬಳ ಕೊಡುತ್ತಿದ್ದುದು ನಿಜಾಮ. ಅಧಿಕಾರಿಗಳು ಇಂಗ್ಲಿಷರು. ಹುಕುಂ ಬರುತ್ತಿದ್ದುದು ಹೈದರಾಬಾದಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟನಿಂದ. ಊಟ ಹಾಕುವವನು ಒಬ್ಬ, ಕೆಲಸ ಹೇಳುವವನು ಇನ್ನೊಬ್ಬ. ಈ ಪಡೆಯ ಖರ್ಚು ನಿಜಾಮನ ಖಜಾನೆಯನ್ನು ವರ್ಷ ವರ್ಷವೂ ಹಿಂಡಿತು. ಖಜಾನೆ ಬರಿದಾದಾಗ ಸಾಲ ಕೊಡಲು ಮುಂದೆ ಬಂದದ್ದು ಹೈದರಾಬಾದಿನ ಪಾಮರ್ ಕಂಪನಿ. ಭಾರತೀಯ ರಾಜರಿಗೆ ಬ್ರಿಟಿಷ್ ಪ್ರಜೆಗಳು ಸಾಲ ಕೊಡುವುದನ್ನು ಪಾರ್ಲಿಮೆಂಟಿನ ಕಾನೂನು ತಡೆದಿತ್ತು. ಈ ಕಂಪನಿಗೆ ಮಾತ್ರ ಗವರ್ನರ್ ಜನರಲ್ ಹೇಸ್ಟಿಂಗ್ಸ್ ವಿನಾಯಿತಿ ಕೊಟ್ಟ. 1820ರಲ್ಲಿ ಕೊಟ್ಟರೆಂದು ತೋರಿಸಿದ 60 ಲಕ್ಷ ರೂಪಾಯಿಯ ಸಾಲ ಮುಂದೆ ದೊಡ್ಡ ಹಗರಣವಾಯಿತು. ರೆಸಿಡೆಂಟ್ ಮೆಟ್ಕಾಫ್ ಅದನ್ನು ಬಯಲಿಗೆಳೆದ. ಕೊನೆಗೆ ಉತ್ತರ ಸರ್ಕಾರ್ ಜಿಲ್ಲೆಗಳಿಗಾಗಿ ಕಂಪನಿ ಸರಕಾರ ತನಗೆ ಪ್ರತಿವರ್ಷ ಸಲ್ಲಿಸಬೇಕಿದ್ದ ಪೇಶ್ಕಶ್ ಹಣದ ಹಕ್ಕನ್ನೇ ಶಾಶ್ವತವಾಗಿ ಬಿಟ್ಟುಕೊಟ್ಟು ನಿಜಾಮ ಈ ಋಣದಿಂದ ಬಿಡಿಸಿಕೊಳ್ಳಬೇಕಾಯಿತು. 1824ರಲ್ಲಿ ಪಾಮರ್ ಕಂಪನಿ ಮುಳುಗಿತು. ಟೇಲರ್ ಹಡಗಿನಿಂದ ಇಳಿದ ವರ್ಷವೂ ಅದೇ.

ಈ ವಿಲಿಯಂ ಪಾಮರನ ಮಗಳು ಮೇರಿಯೇ ಟೇಲರನ ಹೆಂಡತಿ. ಪಾಮರನ ಅಪ್ಪ ಇಂಗ್ಲಿಷ್ ಜನರಲ್, ಅಮ್ಮ ಫೈಜ್ ಬಕ್ಷ್ ಎಂಬ ಮುಸ್ಲಿಂ ಹೆಣ್ಣುಮಗಳು. ಎರಡು ಲೋಕಗಳ ನಡುವೆ ಬೆಳೆದ ಮಾವನ ಮನೆಯ ಬಗ್ಗೆ ಟೇಲರ್ ಪ್ರೀತಿ ಗೌರವದಿಂದ ಬರೆಯುತ್ತಾನೆ. ಆ ಮನೆಯ ಆತಿಥ್ಯ, ಅಲ್ಲಿಗೆ ಬರುತ್ತಿದ್ದ ತಿಳಿದವರ ಮಾತುಕತೆ ಅವನಿಗೆ ಹೈದರಾಬಾದನ್ನು ಅರ್ಥಮಾಡಿಸಿದವು. ಇದೆಲ್ಲ ನಿಜವಿರಬೇಕು. ಆದರೆ ಆ ಮನೆಯ ವಹಿಯಲ್ಲಿ ಬರೆದ ಬಡ್ಡಿಯನ್ನು ಕೊನೆಗೆ ತೆತ್ತವರು ಯಾರು? ಬಡ್ಡಿ ಕಟ್ಟಲು ನಿಜಾಮನ ಸರಕಾರ ತಾಲ್ಲೂಕುಗಳನ್ನು ಗುತ್ತೇದಾರರಿಗೆ ವಹಿಸಿತು. ಸಾಹುಕಾರರಿಗೆ, ಅರಬ್ ಜಮಾದಾರರಿಗೆ ಊರುಗಳ ಕಂದಾಯವನ್ನು ಒತ್ತೆ ಇಟ್ಟಿತು. ಅವರು ರೈತನ ಹೊಲದಿಂದ ವಸೂಲು ಮಾಡಿದರು. ಹೈದರಾಬಾದಿನ ದುರಾಡಳಿತದ ಬಗ್ಗೆ, ಅರಬರ ಮತ್ತು ರೋಹಿಲರ ಹಾವಳಿಯ ಬಗ್ಗೆ ಖಾರವಾಗಿ ಬರೆಯುವ ಟೇಲರನ ಲೇಖನಿ, ಈ ಸರಪಳಿಯ ಮೇಲಿನ ಕೊಂಡಿಯ ಬಳಿ ಬಂದಾಗ ಮೆತ್ತಗಾಗುತ್ತದೆ. ಇಡೀ ಪುಸ್ತಕದ ದೊಡ್ಡ ಮೌನ ಇದೇ.

1840ರ ದಶಕದ ಆರಂಭದಲ್ಲಿ ರೆಸಿಡೆಂಟ್ ಜನರಲ್ ಫ್ರೇಸರ್ ಟೇಲರನನ್ನು ಸುರಪುರಕ್ಕೆ ಕಳಿಸಿದ. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ವಾರಸುದಾರ ವೆಂಕಟಪ್ಪ ನಾಯಕ ಎಳೆಯ ಬಾಲಕ. ರಾಣಿ ಈಶ್ವರಮ್ಮ ಒಂದು ಕಡೆ, ಮೃತ ರಾಜನ ತಮ್ಮ ಪಿಡ್ಡ ನಾಯಕ ಇನ್ನೊಂದು ಕಡೆ. ಹೈದರಾಬಾದಿಗೆ ತೀರಿಸಬೇಕಾದ ನಜರಾನಾ ಬಾಕಿ, ಸಾಹುಕಾರರ ಸಾಲ ತಲೆಯ ಮೇಲೆ. 1853ರವರೆಗೆ ಟೇಲರನೇ ಸಂಸ್ಥಾನವನ್ನು ನಡೆಸಿದ, ಅದೂ ಕೆಳಗೆ ಒಬ್ಬ ಯುರೋಪಿಯನ್ ಸಹಾಯಕನೂ ಇಲ್ಲದೆ.

ಆಗ ಸುರಪುರದಲ್ಲಿ ಮೂರು ಅರ್ಥವ್ಯವಸ್ಥೆಗಳು ಒಂದರ ಮೇಲೊಂದು ಬಿದ್ದಿದ್ದವು. ಮೊದಲನೆಯದು ನಾಯಕರದು. ಬೇಡರ ಪಡೆಗೆ ನಗದು ಸಂಬಳಕ್ಕಿಂತ ಭೂಮಿ ಮುಖ್ಯ. ಹೊಲ ಉಣ್ಣು, ಕರೆ ಬಂದಾಗ ಕತ್ತಿ ಹಿಡಿದು ಬಾ ಎಂಬುದು ಒಪ್ಪಂದ. 1705ರಲ್ಲಿ ವಾಗಿನಗೇರಿಯಲ್ಲಿ ಔರಂಗಜೇಬನ ಸೈನ್ಯವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ್ದು ಇದೇ ಒಪ್ಪಂದದ ಬಲ. ಇದರಲ್ಲಿ ಲೂಟಿಯೂ ಇತ್ತು, ಬಲಾತ್ಕಾರವೂ ಇತ್ತು. ಎರಡನೆಯದು ಹೈದರಾಬಾದಿನದು. ಗಾದಿಗೆ ಯಾರು ಬಂದರೂ ನಜರಾನಾ, ಪ್ರತಿವರ್ಷ ಪೇಶ್ಕಶ್, ವಸೂಲಿಗೆ ಗುತ್ತಿಗೆ. ಮೂರನೆಯದು ಟೇಲರ್ ತಂದದ್ದು. ಲೆಕ್ಕ ತಪಾಸಣೆ, ಊರೂರಿನ ಕಂದಾಯ ನಿಗದಿ, ನಗದು ಪಾವತಿ, ಸಾಲ ತೀರಿಸುವ ಕಂತು, ಕಾಗದದ ಮೇಲೆ ಎಲ್ಲದರ ನಮೂದು.

ಟೇಲರ್ ಮೊದಲನೆಯದನ್ನು ಅನಾಗರಿಕ ಎನ್ನುತ್ತಾನೆ, ಎರಡನೆಯದನ್ನು ಭ್ರಷ್ಟ ಎನ್ನುತ್ತಾನೆ. ಮೂರನೆಯದಕ್ಕೆ ಅವನು ಹೆಸರನ್ನೇ ಇಡುವುದಿಲ್ಲ. ಅದು ಅವನಿಗೆ ಒಂದು ವ್ಯವಸ್ಥೆಯಾಗಿ ಕಾಣಲೇ ಇಲ್ಲ, ಬರೀ ಪ್ರಾಮಾಣಿಕತೆಯಾಗಿ ಕಂಡಿತು. ಆದರೆ ಈ ಮೂರೂ ಬೇರೆ ಬೇರೆ ಬಾವಿಗಳಲ್ಲ. ಕಂಟಿಂಜೆಂಟಿನ ಸಂಬಳಕ್ಕಾಗಿ ಹೈದರಾಬಾದಿನ ಮೇಲೆ ಒತ್ತಡ, ಹೈದರಾಬಾದಿನಿಂದ ಸುರಪುರದ ಮೇಲೆ ಒತ್ತಡ, ಸುರಪುರದಿಂದ ರೈತನ ಮೇಲೆ ಒತ್ತಡ. ಟೇಲರ್ ಸರಿಪಡಿಸಲು ಬಂದ ಅವ್ಯವಸ್ಥೆಯಲ್ಲಿ ಒಂದು ಪಾಲು, ಅವನ ಮೊದಲ ಸಂಬಳ ಬಂದ ಜಾಗದಿಂದಲೇ ಹರಿದು ಬಂದದ್ದು. ರೋಗಕ್ಕೆ ಕಾರಣರಾದವರ ಮನೆಯಿಂದಲೇ ಹಕೀಮನೂ ಬಂದ. ಹಕೀಮ ಒಳ್ಳೆಯವನೇ ಆಗಿದ್ದ, ಔಷಧವೂ ಕೆಲಸ ಮಾಡಿತು. ಆದರೂ ಕಾರಣದ ಪ್ರಶ್ನೆ ಉಳಿಯುತ್ತದೆ.

ಔಷಧ ಕೆಲಸ ಮಾಡಿತು ಎಂಬುದನ್ನು ಮುಚ್ಚಿಡಬಾರದು. ಸಂಸ್ಥಾನದ ಆದಾಯ ಹೆಚ್ಚಿತು. ಹಿಂದಿನ ನಾಯಕರ ಕಾಲದ ಬೋನಾಳ ಕೆರೆಯನ್ನು ಅವನು ದುರಸ್ತಿ ಮಾಡಿಸಿ ಹಿಗ್ಗಿಸಿದ. ಅಲ್ಲಿ ದೋಣಿ ಇಟ್ಟುಕೊಂಡು ವಿಹರಿಸುತ್ತಿದ್ದ. ಇವತ್ತು ಅದು ಪಕ್ಷಿಧಾಮ, ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಅಲ್ಲಿ ಇಳಿಯುತ್ತವೆ. ಅವನ ಕುತೂಹಲಕ್ಕೂ ಎಣೆಯಿರಲಿಲ್ಲ. ಫಾರ್ಸಿ, ಹಿಂದೂಸ್ತಾನಿ, ಮರಾಠಿ ಕಲಿತ. ರಾಜನಕೋಳೂರು, ಹಗರಟಗಿ, ಜೇವರ್ಗಿಯ ಶಿಲಾಗೋರಿಗಳನ್ನು, ಶಹಾಪುರ ಹತ್ತಿರದ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನು ಅಳೆದು, ಚಿತ್ರ ಬರೆದು ವಿದ್ವಾಂಸರ ಮುಂದಿಟ್ಟ. ಇಂಥವೇ ಕಲ್ಲುಗೋರಿಗಳು ಐರ್ಲೆಂಡಿನಲ್ಲೂ ಇವೆ ಎಂದು ಹೋಲಿಸಿ ತೋರಿಸಿದ. ದಕ್ಷಿಣ ಭಾರತದ ಪ್ರಾಗಿತಿಹಾಸದ ಅಧ್ಯಯನದಲ್ಲಿ ಅವನ ಹೆಸರು ಮೊದಲ ಸಾಲಿನಲ್ಲಿದೆ.

ಆದರೆ ಅವನು ಸುರಪುರದಲ್ಲಿ ಲೆಕ್ಕ ಸರಿಮಾಡುತ್ತಿದ್ದ ಕಾಲಕ್ಕೇ ಐರ್ಲೆಂಡಿನಲ್ಲಿ ಏನಾಗುತ್ತಿತ್ತು? 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಮಹಾಕ್ಷಾಮ ಬಿತ್ತು. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿ ಪರದೇಸಿಗಳಾದರು. ಆ ದಿನಗಳಲ್ಲೂ ಅಲ್ಲಿನ ಬಂದರುಗಳಿಂದ ಧಾನ್ಯ ಇಂಗ್ಲೆಂಡಿಗೆ ಸಾಗುತ್ತಿತ್ತು. ಲೆಕ್ಕದ ವಹಿ ಅಲ್ಲಿಯೂ ಚೊಕ್ಕಟವಾಗಿಯೇ ಇತ್ತು. ವಹಿ ಚೊಕ್ಕಟವಾಗಿದ್ದ ಮಾತ್ರಕ್ಕೆ ನ್ಯಾಯ ಸಿಕ್ಕಂತಲ್ಲ. ನಿವೃತ್ತನಾಗಿ ಡಬ್ಲಿನ್‌ನಲ್ಲಿ ನೆಲೆಸಿದ ಟೇಲರ್ ಎರಡು ನಾಡಿನ ಕಲ್ಲುಗಳಲ್ಲಿ ಹೋಲಿಕೆ ಕಂಡ. ಎರಡು ನಾಡಿನ ಒಕ್ಕಲುಗಳಲ್ಲಿ ಅದೇ ಹೋಲಿಕೆಯನ್ನು ಕಾಣಲಿಲ್ಲ.

ರಾಣಿ ಈಶ್ವರಮ್ಮನ ಚಿತ್ರಣದಲ್ಲೂ ಇಂಥದೇ ಕುರುಡು ಇದೆ. ಪುಸ್ತಕದಲ್ಲಿ ಅವಳು ಹಟಮಾರಿ, ನಡತೆಗೆಟ್ಟವಳು, ಖಜಾನೆ ಬರಿದುಮಾಡುವವಳು. ಅವಳನ್ನು ಆಡಳಿತದಿಂದ ದೂರ ಇಡುವುದು ಟೇಲರನ ಮೊದಲ ಕೆಲಸಗಳಲ್ಲಿ ಒಂದಾಗಿತ್ತು. ಅವಳು ಸಾಧ್ವಿಯಾಗಿದ್ದಳು ಎಂದು ವಾದಿಸಲು ನಾನು ಹೊರಟಿಲ್ಲ. ಆದರೆ ಗಂಡ ಸತ್ತ ಹೆಣ್ಣೊಬ್ಬಳು, ಮೈದುನನ ಕಡೆಯವರ ಮತ್ತು ಹೊರಗಿನಿಂದ ಬಂದ ಏಜೆಂಟನ ನಡುವೆ ತನ್ನ ಜಾಗಕ್ಕಾಗಿ ಹೆಣಗುವುದು ರಾಜಕಾರಣವೂ ಹೌದಲ್ಲವೇ? ಗಂಡಸು ಮಾಡಿದರೆ ತಂತ್ರ, ಹೆಂಗಸು ಮಾಡಿದರೆ ಚಾರಿತ್ರ್ಯದ ದೋಷ. ಇಂಗ್ಲಿಷ್ ಸಾಹೇಬನಿಗೂ ನಮ್ಮೂರ ಪಂಚರಿಗೂ ಈ ವಿಷಯದಲ್ಲಿ ವ್ಯತ್ಯಾಸ ಕಡಿಮೆ. ರಾಣಿಯ ಮಾತು ನಮಗೆ ಕೇಳಿಸುವುದು ಟೇಲರನ ಬಾಯಿಂದ ಮಾತ್ರ. ಅವಳ ಕಡೆಯ ವಹಿ ಎಲ್ಲೂ ಇಲ್ಲ.

ಕತೆಗಾರನಾಗಿ ನನಗೆ ಕುತೂಹಲ ಹುಟ್ಟಿಸುವುದು ಟೇಲರನೊಳಗಿನ ಇಬ್ಬರು ಬರಹಗಾರರು. ಒಬ್ಬ ರೆಸಿಡೆಂಟನಿಗೆ ವರದಿ ಬರೆಯುವವನು, 1840ರಿಂದ 1853ರವರೆಗೆ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಇಲ್ಲಿನ ಸುದ್ದಿ ಕಳಿಸಿದವನು. ಇನ್ನೊಬ್ಬ ಕಾದಂಬರಿಕಾರ. 1839ರ 'ಕನ್‌ಫೆಷನ್ಸ್ ಆಫ್ ಎ ಥಗ್' ಅಮೀರ್ ಅಲಿ ಎಂಬ ಮುಸ್ಲಿಂ ಠಕ್ಕನ ಬಾಯಲ್ಲಿ ಕತೆ ಹೇಳಿಸಿ ಇಂಗ್ಲೆಂಡನ್ನು ಬೆಚ್ಚಿಬೀಳಿಸಿತು. ಠಕ್ಕರೆಂದರೆ ಇಡೀ ದೇಶವೇ ಎಂಬ ಚಿತ್ರ ಅಲ್ಲಿ ನೆಲೆಯೂರಲು ಅದೂ ಕಾರಣ. ಆದರೆ 1878ರಲ್ಲಿ, ಅವನು ಸತ್ತ ಮೇಲೆ ಬಂದ 'ಎ ನೋಬಲ್ ಕ್ವೀನ್' ಬೇರೆ ಬಗೆಯದು. ಚಾಂದ್ ಬೀಬಿಯ ಕಾಲದ ಆ ಕತೆ ಕೃಷ್ಣೆಯ ನಡುಗಡ್ಡೆಯ ಜಲದುರ್ಗದಲ್ಲಿ ತೊಡಗುತ್ತದೆ. ಅದರಲ್ಲಿ ಬೇಡ ನಾಯಕನೊಬ್ಬ ಸ್ನೇಹಕ್ಕೆ ಪ್ರಾಣ ಕೊಡುವ ಧೀರ. ವರದಿಯಲ್ಲಿ ಕಾನೂನು ಮೀರುವ ಪುಂಡರಾದ ಬೇಡರು ಕಾದಂಬರಿಯಲ್ಲಿ ಮಾತಿಗೆ ತಪ್ಪದ ಮನುಷ್ಯರಾಗುತ್ತಾರೆ. ಕಾದಂಬರಿಕಾರನಿಗೆ ಕಂಡ ಸತ್ಯವನ್ನು ಏಜೆಂಟ್ ತನ್ನ ವಹಿಯಲ್ಲಿ ಯಾವ ಬಾಬಿನಲ್ಲಿ ಬರೆದುಕೊಳ್ಳಬೇಕಿತ್ತು? ಅದಕ್ಕೆ ಅಲ್ಲಿ ಅಂಕಣವೇ ಇರಲಿಲ್ಲ.

ಆ ಅಂಕಣ ಇಲ್ಲದ್ದರ ಬೆಲೆ 1858ರಲ್ಲಿ ಗೊತ್ತಾಯಿತು. 1853ರಲ್ಲಿ ಟೇಲರ್ ಸಂಸ್ಥಾನವನ್ನು ಯುವಕ ರಾಜನಿಗೆ ಒಪ್ಪಿಸಿ ನಳದುರ್ಗಕ್ಕೆ ಹೋದ. ಅದೇ ವರ್ಷ ಕಂಟಿಂಜೆಂಟಿನ ಬಾಕಿಗಾಗಿ ನಿಜಾಮ ಬೇರಾರ್, ನಳದುರ್ಗ, ರಾಯಚೂರು ದೋಆಬುಗಳನ್ನು ಇಂಗ್ಲಿಷರ ಕೈಗೆ ಕೊಡಬೇಕಾಗಿ ಬಂದಿತ್ತು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದಾಗ ಹಲಗಲಿಯ ಬೇಡರು ತಿರುಗಿಬಿದ್ದರು. ಇದನ್ನು ಬರೀ ಸ್ವಾಭಿಮಾನದ ಕತೆಯಾಗಿ ಹೇಳಿದರೆ ಅರ್ಧ ಹೇಳಿದಂತೆ. ಕತ್ತಿಗೆ ಬದಲಾಗಿ ಭೂಮಿ ಪಡೆದ ಸಮುದಾಯಕ್ಕೆ ಕತ್ತಿ ಎಂದರೆ ಬಾಳಿನ ಬುತ್ತಿ. ನೇಕಾರನ ಮಗ್ಗ ಕಿತ್ತುಕೊಂಡಂತೆ ಅದು. 1858ರ ಫೆಬ್ರವರಿಯಲ್ಲಿ ಸುರಪುರವೂ ಎದ್ದಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜಾ ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋಗಿ ಸಿಕ್ಕಿಬಿದ್ದ. ದಿವಾನ ಸಾಲಾರ್ ಜಂಗ್ ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದ.

ಬಾಲ್ಯದಲ್ಲಿ ಟೇಲರನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ ಆ ಹುಡುಗನನ್ನು ಟೇಲರ್ ಸೆರೆಮನೆಯಲ್ಲಿ ಕಂಡ. ಪುಸ್ತಕದ ಅತ್ಯಂತ ಮನಮುಟ್ಟುವ ಪುಟಗಳು ಇವು. ನೇಣು ಬೇಡ, ನಾನು ಕಳ್ಳನಲ್ಲ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂಬುದು ರಾಜನ ಕೋರಿಕೆ. ಅವನ ಹಿಂದೆ ಇದ್ದವರು ಯಾರೆಂದು ತಿಳಿಯಲು ಮೇಲಿನವರಿಗೆ ಆಸೆಯಿತ್ತು, ಅವನು ಯಾರ ಹೆಸರನ್ನೂ ಹೇಳಲಿಲ್ಲ. ಮರಣದಂಡನೆ ಕಡಿಮೆಯಾಗುತ್ತ ಬಂದು ಮದರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಬಲಿಯಾದ. ತಾನೇ ಹೊಡೆದುಕೊಂಡ ಎಂದು ಟೇಲರ್ ಬರೆಯುತ್ತಾನೆ. ಅದು ಕೊಲೆ ಎನ್ನುವವರೂ ನಮ್ಮ ಕಡೆ ಇದ್ದಾರೆ. ರಾಜನಿಗೆ 24ನೇ ವರ್ಷದಲ್ಲಿ ಕಂಟಕವಿದೆ ಎಂದು ಜಾತಕದಲ್ಲಿ ಮೊದಲೇ ಬರೆದಿತ್ತು ಎಂಬ ಸಂಗತಿಯನ್ನು ಟೇಲರ್ ಬೆರಗಿನಿಂದ ನಿರೂಪಿಸುತ್ತಾನೆ. ಇಡೀ ಪುಸ್ತಕದಲ್ಲಿ ಕಾರಣ ಮತ್ತು ಪರಿಣಾಮದ ಲೆಕ್ಕ ಬಿಡದ ಮನುಷ್ಯ, ಇಲ್ಲಿ ಮಾತ್ರ ವಿಧಿಗೆ ಶರಣಾಗುತ್ತಾನೆ. ಅವನ ದುಃಖ ನಿಜ. ಆದರೆ ಆ ದುಃಖಕ್ಕೆ ಜಾತಕದ ಆಸರೆ ಏಕೆ ಬೇಕಾಯಿತು? ಮಗನಂತೆ ಬೆಳೆಸಿದವನ ಸಾವಿಗೆ ತಾನು ಸೇವೆ ಮಾಡಿದ ವ್ಯವಸ್ಥೆಯೇ ಕಾರಣ ಎನ್ನುವುದಕ್ಕಿಂತ ಗ್ರಹಗಳು ಕಾರಣ ಎನ್ನುವುದು ಹಗುರ.

ಮುಂದಿನ ಎರಡು ವರ್ಷದ ಕತೆಯಲ್ಲಿ ಭಾವನೆಗೆ ಜಾಗವೇ ಇಲ್ಲ. ಸುರಪುರವನ್ನು ಇಂಗ್ಲಿಷರು ವಶಪಡಿಸಿಕೊಂಡರು. 1860ರ ಒಪ್ಪಂದದಲ್ಲಿ, 1857ರ ದಂಗೆಯ ಕಾಲದಲ್ಲಿ ತಮ್ಮ ಪರವಾಗಿ ನಿಂತ ನಿಜಾಮನಿಗೆ ರಾಯಚೂರು ದೋಆಬ್ ಮತ್ತು ನಳದುರ್ಗವನ್ನು ಹಿಂತಿರುಗಿಸಿದರು, 50 ಲಕ್ಷ ರೂಪಾಯಿ ಸಾಲವನ್ನು ರದ್ದುಮಾಡಿದರು, ಸುರಪುರವನ್ನು ಇನಾಮಾಗಿ ಕೊಟ್ಟರು. ಹತ್ತಿ ಬೆಳೆಯುವ ಬೇರಾರನ್ನು ಮಾತ್ರ ಕೈಯಲ್ಲಿ ಇಟ್ಟುಕೊಂಡರು. ವಾಗಿನಗೇರಿಯ ನಾಡು ಕೊನೆಗೆ ಇಬ್ಬರು ದೊಡ್ಡವರ ನಡುವಿನ ಲೆಕ್ಕಚುಕ್ತಾದ ಒಂದು ಸಾಲಾಯಿತು.

ಇನ್ನು 'ಹೊರಗಿನವನು' ಎಂಬ ಪ್ರಶ್ನೆಗೆ ಮರಳೋಣ. ಶಹಾಪುರದಿಂದ ಗೋಗಿ ದೂರವಿಲ್ಲ. ಅಲ್ಲಿ ಚಂದಾ ಹುಸೇನಿ ದರ್ಗಾದ ಬಳಿ ಬಿಜಾಪುರದ ಮೊದಲ ಅರಸ ಯೂಸುಫ್ ಆದಿಲ್ ಖಾನನ ಗೋರಿ ಇದೆ. 1510ರಲ್ಲಿ ತೀರಿಕೊಂಡವನು. ಅವನೂ ಹೊರಗಿನಿಂದ ಬಂದವನು. ಅವನು ಉಸ್ಮಾನಿ ರಾಜಕುಮಾರ ಎಂದು ಫರಿಶ್ತಾ ಬರೆಯುತ್ತಾನೆ, ಚರಿತ್ರೆಕಾರರು ಅದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಆ ಫರಿಶ್ತಾನೂ ಇರಾನಿನ ಕಡೆಯಿಂದ ಬಂದವನೇ. ಬಹಮನಿಗಳ ಕಾಲದಲ್ಲಿ ಇಂಥ ವಲಸಿಗರನ್ನು 'ಆಫಾಕಿ' ಎನ್ನುತ್ತಿದ್ದರು. ಮೊದಲೇ ಬಂದು ನೆಲೆನಿಂತವರು ದಖ್ಖನಿಗಳು. ಎರಡೂ ಕಡೆಯವರು ಮುಸ್ಲಿಮರೇ ಆದರೂ 'ನೀನು ಹೊರಗಿನವನು' ಎಂಬ ಜಗಳ ರಕ್ತ ಹರಿಸಿತು. ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ವಜೀರನಾದ ಮಹಮೂದ್ ಗವಾನನೂ ಭೂಮಿ ಅಳೆಸಿ ಕಂದಾಯ ಸುಧಾರಿಸಿದ, ಬೀದರಿನಲ್ಲಿ ಮದರಸಾ ಕಟ್ಟಿದ. ಅವನನ್ನು 1481ರಲ್ಲಿ ಖೋಟಾ ಪತ್ರ ಸೃಷ್ಟಿಸಿ ಕೊಲ್ಲಿಸಿದರು.

ಗವಾನನೂ ಅಳೆದ, ಟೇಲರನೂ ಅಳೆದ. ರೈತನ ಪಾಲಿಗೆ ಗವಾನನ ಕಂದಾಯವೂ ಕಂದಾಯವೇ. ಆದಿಲ್‌ಶಾಹಿಯ ಜಹಗೀರದಾರನೇನು ಹೂ ತರುತ್ತಿರಲಿಲ್ಲ. ನಮ್ಮವರೆಂಬ ಕಾರಣಕ್ಕೆ ಅವರನ್ನು ಸಂತರನ್ನಾಗಿ ಮಾಡುವ ಅಗತ್ಯ ನನಗಿಲ್ಲ. ವ್ಯತ್ಯಾಸ ಇರುವುದು ಗುಣದಲ್ಲಲ್ಲ. ಗವಾನ್ ಉತ್ತರ ಕೊಡಬೇಕಾದದ್ದು ಬೀದರಿನ ದರಬಾರಿಗೆ. ಅವನು ತಪ್ಪಿದರೂ ಸರಿಯಾಗಿ ನಡೆದರೂ ಫಲ ಇಲ್ಲಿಯೇ ಬೀಳುತ್ತಿತ್ತು. ತಲೆ ಹೋದದ್ದೂ ಇಲ್ಲಿಯೇ. ಯೂಸುಫನ ವಂಶ ಕೂಡಿಸಿದ ಹಣ ಬಿಜಾಪುರದ ಕಟ್ಟಡವಾಯಿತು, ಕೆರೆಯಾಯಿತು, ಯುದ್ಧದಲ್ಲಿ ಹಾಳೂ ಆಯಿತು. ಆದರೆ ಹಡಗು ಹತ್ತಲಿಲ್ಲ. ಟೇಲರ್ ಅವರಿಬ್ಬರಿಗಿಂತ ಒಳ್ಳೆಯ ಮನುಷ್ಯನಾಗಿದ್ದಿರಬಹುದು. ಆದರೆ ಅವನಿಗೆ ಸಂಬಳ ಕೊಟ್ಟವರು ಇಲ್ಲಿಯವರು, ಅವನು ಉತ್ತರ ಹೇಳಬೇಕಾದವರು ಬೇರೆ ಕಡೆ ಇದ್ದರು. ವಿದೇಶಿ ಹಸ್ತಕ್ಷೇಪ ಎಂದರೆ ಇದು. ಯಾರ ಅನ್ನ, ಯಾರಿಗೆ ಜವಾಬು ಎಂಬ ಎರಡು ಪ್ರಶ್ನೆಗಳಿಗೆ ಎರಡು ಬೇರೆ ಉತ್ತರ ಬಂದರೆ ಅಲ್ಲಿ ಹೊರಗಿನವನಿದ್ದಾನೆ ಎಂದು ತಿಳಿಯಬೇಕು. ಅವನ ಬಣ್ಣ, ನಮಾಜು, ನುಡಿ ಯಾವುದನ್ನೂ ನೋಡಬೇಕಿಲ್ಲ.

ಈ ಅಳತೆಗೋಲನ್ನು ಇವತ್ತಿನ ನಮ್ಮ ಜಿಲ್ಲೆಗೂ ಹಿಡಿದು ನೋಡಬಹುದು. ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಯೋಜನೆ ಲೆಕ್ಕಹಾಕಿದ್ದು ಕಡಿಮೆ ನೀರು ಕುಡಿಯುವ ಬೆಳೆಗಳಿಗೆ, ನೆಲ ಕುಡಿದದ್ದು ಭತ್ತದ ನೀರು. ಆಂಧ್ರದ ಕರಾವಳಿ ಕಡೆಯಿಂದ ಬಂದ ಒಕ್ಕಲುಗಳು ಕ್ಯಾಂಪು ಕಟ್ಟಿಕೊಂಡು, ವರ್ಷಕ್ಕಿಷ್ಟು ಎಂದು ಹೊಲ ಲಾವಣಿಗೆ ಹಿಡಿದು, ಮೈಮುರಿದು ದುಡಿದರು. ಅವರನ್ನು ಪರದೇಸಿಗಳೆಂದು ಬೈಯುವವರು ನಮ್ಮಲ್ಲಿದ್ದಾರೆ. ಆದರೆ ಅವರ ಮಕ್ಕಳು ಕನ್ನಡ ಶಾಲೆಗೆ ಹೋಗುತ್ತಾರೆ, ನೀರು ನಿಂತು ಭೂಮಿ ಚೌಳಾದರೆ ನಷ್ಟ ಅವರಿಗೂ ಆಗುತ್ತದೆ. ಇನ್ನೊಂದೆಡೆ ನಮ್ಮದೇ ಊರಿನ ಜಮೀನುದಾರ ಲಾವಣಿ ಹಣ ಎಣಿಸಿಕೊಂಡು ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ಮನೆ ಮಾಡುತ್ತಾನೆ. ನೆಲಕ್ಕೆ ಏನಾಯಿತು ಎಂದು ತಿರುಗಿ ನೋಡುವುದಿಲ್ಲ. ಭೂಮಿಯಿಲ್ಲದ ಬೇಡರ, ಮಾದಿಗರ, ಮುಸ್ಲಿಮರ ಮನೆಯವರು ಗುಳೆ ಎದ್ದು ಅದೇ ಬೆಂಗಳೂರಿನಲ್ಲಿ ಕಟ್ಟಡದ ಕಲ್ಲು ಹೊರುತ್ತಾರೆ. ಇವರಲ್ಲಿ ಹೊರಗಿನವನು ಯಾರು? ಪೌರತ್ವದ ಕಾಗದ ಈ ಪ್ರಶ್ನೆಗೆ ಉತ್ತರ ಕೊಡಲಾರದು.

ಟೇಲರ್ 1875ರಲ್ಲಿ, ಕಣ್ಣು ಮಂಜಾದ ಮೇಲೆ, ಮತ್ತೊಮ್ಮೆ ಹೈದರಾಬಾದಿಗೆ ಬಂದ. ಕಾಯಿಲೆ ಬಿದ್ದು ಹಿಂದಿರುಗುವ ದಾರಿಯಲ್ಲಿ 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾಂಟಾನ್ ಎಂಬಲ್ಲಿ ತೀರಿಕೊಂಡ. ಸಾಯುವ ಹೊತ್ತಿಗೂ ಅವನು ದಾರಿಯಲ್ಲೇ ಇದ್ದ. ಅವನ ಪುಸ್ತಕವನ್ನು ಸುರಪುರದ, ಶಹಾಪುರದ ಕಾಲೇಜುಗಳಲ್ಲಿ ಹುಡುಗ ಹುಡುಗಿಯರು ಓದಬೇಕು. ಒಮ್ಮೆ ಪ್ರೀತಿಯಿಂದ ಓದಬೇಕು, ಯಾಕೆಂದರೆ ನಮ್ಮ ಕಲ್ಲು, ಕೆರೆ, ಮನುಷ್ಯರನ್ನು ಅಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಇನ್ನೊಮ್ಮೆ ಪಕ್ಕದಲ್ಲಿ ಲೆಕ್ಕದ ವಹಿ ತೆರೆದಿಟ್ಟುಕೊಂಡು ಓದಬೇಕು. ನಮ್ಮನ್ನು ಪ್ರೀತಿಸುತ್ತೇನೆಂದು ಬರುವ ಸರಕಾರಗಳು, ಕಂಪನಿಗಳು, ನಾಯಕರು ಈಗಲೂ ಬಹಳ. ಅವರ ಪ್ರೀತಿಯನ್ನು ಅನುಮಾನಿಸಬೇಕಾಗಿಲ್ಲ. ಜವಾಬು ಯಾರಿಗೆ ಕೊಡುತ್ತೀರಿ ಎಂದು ಕೇಳುವುದನ್ನು ಬಿಡಬಾರದು.